ಹತ್ತು–ಒಂಬತ್ತು

ಭಾನುವಾರ ಎಂಟೂಮುಕ್ಕಾಲಿಗೆ
ಬೈತಕೋಲದ ಐಸ್ ಫ್ಯಾಕ್ಟರಿಯಲ್ಲಿ
ಬಿಲ್ಲು ಹರಿದುಕೊಡುವ ಕಿಟಕಿಯನ್ನು ನಾನು ಮುಚ್ಚುತ್ತೇನೆ.
ಭೂಮಿಯ ಆಚೆ ಮಗ್ಗುಲಲ್ಲಿ ಇನ್ನೂ ಶನಿವಾರದ ರಾತ್ರಿ.
ಮೊಬೈಲನ್ನು ಕ್ಯಾಶ್ ಡಬ್ಬಿಗೆ ಒರಗಿಸುವಷ್ಟರಲ್ಲಿ
ಕ್ರೇನು ಬಿಟ್ಟು ಬರುತ್ತಾನೆ ಇನಾಸ, ಮೈಯೆಲ್ಲ ಡೀಸೆಲ್;
ಹಿಂದೆಯೇ ಪುರಸು, ಹುಬ್ಬಿಗಂಟಿದ ಬಾಂಗ್ಡೆಯ ಪರೆ
ಒರೆಸಿಕೊಳ್ಳಲೂ ಪುರುಸೊತ್ತಿಲ್ಲದೆ.

ಮೂವರಿಗೂ ಒಂದೊಂದು ರದ್ದಾದ ಬಿಲ್ಲು,
ಹಿಂಬದಿಗೆ ಗೆರೆಯೆಳೆದು ಹನ್ನೆರಡು ಮನೆ.
ಸುತ್ತು ಗೆದ್ದವನಿಗೆ ಹತ್ತು,
ಸೋತವನಿಗೆ ಒಂಬತ್ತು,
ಬಿದ್ದು ಎದ್ದವನಿಗೂ ಎಂಟು.
ನನಗೆ ಈ ಆಟ ಹಿಡಿದದ್ದೇ ಈ ಲೆಕ್ಕದಿಂದ.
ನಮ್ಮ ದಫ್ತರಿನಲ್ಲಿ
ಬರಿಗೈಲಿ ಬಂದ ದೋಣಿಯ ಮುಂದೆ
ಒಂದು ಅಡ್ಡಗೆರೆ, ಅಷ್ಟೇ.

"ಹೆಂಗಸಾಗಿ, ಗಂಡಸರು ಬಡಿದಾಡುವುದನ್ನು ನೋಡುತ್ತೀಯಲ್ಲೇ"
ಅನ್ನುತ್ತಾಳೆ ಶೇವಂತಿ ಮಾವಶಿ.
ಅನ್ನಲಿ.
ಪೇಟೆಯಲ್ಲಿ ಜಾಗ ಒತ್ತಿದವಳ ಮೇಲೆ
ಅವಳ ಎಡಗೈ ಹೋದ ವೇಗ ನಾನು ಕಂಡಿದ್ದೇನೆ.
ಗಲ್ಲ ತಗ್ಗಿಸಿ, ಸೊಂಟ ತಿರುಗಿಸಿ,
ತಲೆಯ ಬುಟ್ಟಿ ಅಲುಗದ ಹಾಗೆ.

ಒಮ್ಮೆ ಇನಾಸನೂ ನಾನೂ ಏಳು ತಿಂಗಳು ಮಾತು ಬಿಟ್ಟಿದ್ದೆವು,
ಒಂದೇ ಒಂದು ಅಂಕಕ್ಕೆ.
ಮೀನುಗಾರಿಕೆ ಬಂದಾದ ಜೂನಿನಲ್ಲಿ,
ಫ್ಯಾಕ್ಟರಿಯ ಯಂತ್ರಗಳೂ ಬಾಯಿ ಮುಚ್ಚಿದ್ದಾಗ,
ಕೊಡೆಯಿಲ್ಲದೆ ಬಂದು ಬಾಗಿಲಲ್ಲಿ ನಿಂತು ಹೇಳಿದ:
"ಆರನೆಯ ಸುತ್ತು ನೀ ಹೇಳಿದ್ದೇ ಸರಿ.
ಒಂಬತ್ತನೆಯದಲ್ಲ."
ಒಳಗೆ ಕರೆದೆ. ಚಹಾ ಮಾಡಿದೆ.
ಒಂಬತ್ತನೆಯದರ ವಾದ ಇನ್ನೂ ನಡೆದಿದೆ.

ಇವತ್ತು ರೊಹೆಲಿಯೊ.
ಯಾವುದೋ ದ್ವೀಪದ, ಬಲೆ ಎಳೆಯುವವರ ಮಗ;
ಪುರಸು ಅವನನ್ನು ಕರೆಯುವುದು ರೋಹಿಲ್ಯಾ ಅಂತ,
ಕೋಡಿಬಾಗದಲ್ಲಿರುವ ಚಿಕ್ಕಪ್ಪನ ಮಗ ಅನ್ನುವ ಹಾಗೆ.
ಹನ್ನೊಂದು ವರ್ಷದಿಂದ ನೋಡುತ್ತಿದ್ದೇವೆ.
ಹೊಡೆಯುವ ಮುನ್ನ ಅವನ ಎಡಭುಜ
ಒಂದು ಕೂದಲೆಳೆ ತಗ್ಗುವುದು ನಮಗೆ ಗೊತ್ತು.
ಈಗೀಗ ಎದುರಾಳಿಗಳಿಗೂ ಗೊತ್ತು.

ಎಂಟು ಸುತ್ತು ಮುಗಿದಾಗ
ಮೂವರ ಹಾಳೆಯಲ್ಲೂ ಅವನೇ ಮುಂದೆ.
ಮೂರೂ ಹಾಳೆ ಒಂದಾದದ್ದು ಇದೇ ಮೊದಲು.
ಇನಾಸ ಎದೆಗೆ ಶಿಲುಬೆ ಹಾಕಿಕೊಂಡ.
ಆಗ, ಒಂಬತ್ತರ ಗಂಟೆ ಹೊಡೆದದ್ದೇ ತಡ,
ನೆಟ್‌ವರ್ಕು ಹೋಯಿತು.

ಪರದೆಯ ನಡುವೆ ಬಳೆಯೊಂದು ತಿರುಗುತ್ತದೆ.
ಹಿಂದೆ ರೊಹೆಲಿಯೊ,
ಎತ್ತಿದ ಗ್ಲೌಸು ಎತ್ತಿದಲ್ಲೇ.
ತಾಂಡೇಲನೊಬ್ಬ ಕಿಟಕಿ ಬಡಿಯುತ್ತಾನೆ: "ಇಪ್ಪತ್ತು ಬ್ಲಾಕು, ಬಾಯೀ!"
ಪುರಸು ಮೊಬೈಲೆತ್ತಿ ಬಾಗಿಲಿಗೆ ಓಡುತ್ತಾನೆ,
ಕಡಲ ಕಡೆ ಹಿಡಿಯುತ್ತಾನೆ, ಗುಡ್ಡದ ಕಡೆ ಹಿಡಿಯುತ್ತಾನೆ,
ಗಾಳಿಗೆ ಕೈ ಮುಗಿಯುವುದೊಂದು ಬಾಕಿ.

ಚಿತ್ರ ಮರಳಿದಾಗ ಅವನು ಮೂಲೆಯ ಸ್ಟೂಲಿನ ಮೇಲಿದ್ದ.
ಎಡಗಣ್ಣು ಇರಲಿಲ್ಲ;
ಅಲ್ಲಿ ಮಾಗಿದ ಕೋಕಂ ಹಣ್ಣಿನಂಥದೊಂದು ಇತ್ತು.
ಯಾರೋ ತಣ್ಣನೆಯ ಲೋಹದ ತುಂಡು ಒತ್ತುತ್ತಿದ್ದರು,
ಯಾರೋ ಹಿಡಿಯಷ್ಟು ಐಸನ್ನು ಕತ್ತಿಗೆ ತಿಕ್ಕುತ್ತಿದ್ದರು.
ಐಸು ಕರಗಿ ಎದೆಗಿಳಿಯುತ್ತಿತ್ತು.
ನನ್ನ ಬೆನ್ನ ಹಿಂದೆ, ಗೋಡೆಯಾಚೆ,
ನಲವತ್ತು ಟನ್ನು ಐಸು
ಸುಮ್ಮನೆ ನಿಂತಿತ್ತು.

ಹತ್ತನೆಯದಕ್ಕೆ ಎದ್ದ.
ನಲವತ್ತು ಸೆಕೆಂಡು ಇರಬಹುದು.
ಎಡಭುಜ ತಗ್ಗಿತು.
ಆಮೇಲೆ ಮೂಲೆಯಿಂದ ಬಂತು ಟವೆಲು,
ಗಾಳಿಯಲ್ಲಿ ಬಿಚ್ಚಿಕೊಳ್ಳಲಿಲ್ಲ, ಹಾರಲಿಲ್ಲ,
ಒದ್ದೆ ಮುದ್ದೆಯಾಗಿ
ಅವನ ಕಾಲ ಬಳಿ ಬಿತ್ತು.

ಇನ್ನು ಹಾಳೆಗಳಿಗೆ ಬೆಲೆಯಿಲ್ಲ.
ಟವೆಲು ಬಿದ್ದ ಮೇಲೆ ಯಾರೂ ಕೂಡಿ ನೋಡುವುದಿಲ್ಲ.
ಪುರಸು ಹುಬ್ಬಿನ ಪರೆ ಈಗ ಒರೆಸಿಕೊಂಡ,
ಬಹಳ ಹೊತ್ತು ಒರೆಸಿಕೊಂಡ.

ನನ್ನ ಹಾಳೆಯಲ್ಲಿ ಒಂಬತ್ತನೆಯ ಮನೆ ಖಾಲಿ ಇತ್ತು.
ಪೆನ್ನೆತ್ತಿ ಬರೆದೆ: ಹತ್ತು, ಒಂಬತ್ತು.
ಹತ್ತು ಅವನಿಗೆ.
ನೋಡದ್ದನ್ನು ನಾನು ಯಾವತ್ತೂ ಬರೆದವಳಲ್ಲ,
ದಫ್ತರಿನಲ್ಲಾಗಲಿ, ಇದರಲ್ಲಾಗಲಿ.

ಇನಾಸ ಬಗ್ಗಿ ನೋಡಿದ.
ಜಗಳಕ್ಕೆ ಬರುತ್ತಾನೆಂದು ಕಾದೆ.
ಅವನು ಕೈ ಚಾಚಿದ, ಪೆನ್ನು ಕೇಳಿದ,
ತನ್ನ ಹಾಳೆಯ ಒಂಬತ್ತನೆಯ ಮನೆಯಲ್ಲಿ
ನೋಡಿ ನಕಲು ಮಾಡಿಕೊಂಡ.

ಕಿಟಕಿ ತೆರೆದೆ.
"ಎಷ್ಟು ಬ್ಲಾಕು ಅಂದಿರಿ?"