ನಾಲ್ಕು ಗಂಟೆಗೆ ಯಾರೂ ಇರುವುದಿಲ್ಲ

ಉಲಾನ್‌ಬಾತರಿನ ಬಡಗಣ ಗುಡ್ಡದಲ್ಲಿ
ನಾನು ನೀರು ಮಾರುವವಳು.
ಗೂಡಿನಂಥ ಕೋಣೆ, ಒಂದು ಕಿಂಡಿ,
ಗೋಡೆಯಿಂದಾಚೆ ಸೊಂಡಿಲು ಚಾಚಿದ ರಬ್ಬರು ಕೊಳವೆ.
ಇಡೀ ಗುಡ್ಡ ದಿನಾ ನನ್ನ ಕಿಂಡಿಗೆ ಬರುತ್ತದೆ,
ಕೈಗಾಡಿಯಲ್ಲಿ ಖಾಲಿ ಕ್ಯಾನು ಕುಲುಕಿಸುತ್ತ.
ಚಕ್ರ ಕಿರುಗುಟ್ಟಿದರೆ ಸಾಕು,
ಯಾವ ಗುಡಾರದ ಮಗು ಎಂದು ಹೇಳಿಬಿಡುತ್ತೇನೆ.

ಆ ಚಳಿಗಾಲ ಸಮಿತಿಯವರು ನನ್ನನ್ನೂ ಕರೆದರು,
ಎಲ್ಲರನ್ನೂ ಬಲ್ಲವಳಂತೆ ನಾನು.
ಬಾಲ್ಜಿನ್ಯಾಮ್ ಮೇಷ್ಟ್ರು ಮೇಜಿನ ಮೇಲೆ ನಕ್ಷೆ ಹಾಸಿದರು:
ವಾರ್ಡು ಕಚೇರಿಯ ಹಿಂದೆ ಯುವಕೇಂದ್ರ,
ನಾಲ್ಕಕ್ಕೆ ಚದುರಂಗ, ಐದಕ್ಕೆ ಸನ್ನಡತೆಯ ಪಾಠ,
ಬಾಗಿಲಿಗೆ ರಿಬ್ಬನ್ನು, ಕತ್ತರಿಸಲು ಕತ್ತರಿ.
ಊಟಕ್ಕೆ ಉಪ್ಪಿನಕಾಯಿಯ ಹಾಗೆ
ಮೂವರು ಮಕ್ಕಳು, ಮೂಲೆಯ ಬೆಂಚಿನಲ್ಲಿ.

"ಏನಾದರೂ ಹೇಳುವುದಿದೆಯೇನ್ರಪ್ಪಾ?"
ಮೇಷ್ಟ್ರು ಆಗಲೇ ನಕ್ಷೆ ಮಡಿಸುತ್ತಿದ್ದರು.

ಅನುಜಿನ್ ಎದ್ದಳು. ಹದಿನೈದು ವರ್ಷ.
ಮಂಜುಗಡ್ಡೆಯ ಏರಿನಲ್ಲಿ ಅರವತ್ತು ಲೀಟರು ಎಳೆಯುವವಳು,
ಬೀದಿನಾಯಿಗೆ ಬೈದು ದಾರಿ ಬಿಡಿಸಿಕೊಳ್ಳುವವಳು.
"ನಾಲ್ಕು ಗಂಟೆಗೆ ಯಾರೂ ಇರುವುದಿಲ್ಲ, ಗುರುಗಳೇ.
ಅರ್ಧ ಜನ ಎರಡನೇ ಪಾಳಿಯ ಶಾಲೆಯಲ್ಲಿ,
ಅರ್ಧ ಜನ ತಮ್ಮನನ್ನು ಕರೆತರಲು, ಒಲೆ ಹಚ್ಚಲು.
ಮತ್ತೆ ಆ ಕಚೇರಿ...
ಅಪ್ಪ ಕುಡಿದು ಸಿಕ್ಕಿಬಿದ್ದರೆ ಹೋಗುತ್ತೇವೆ,
ಸತ್ತರೆ ಹೋಗುತ್ತೇವೆ, ಕಾಗದಕ್ಕೆ.
ಆಟಕ್ಕೆ ಯಾರು ಹೋಗುತ್ತಾರೆ?"

ಒಲೆ ಒಂದೆರಡು ಸಲ ಕೆಮ್ಮಿತು.
ಬೇರೆ ಯಾರೂ ಕೆಮ್ಮಲಿಲ್ಲ.

ಆಮೇಲೆ ತುಗುಲ್ದುರ್, ನೆಲ ನೋಡುತ್ತ:
"ನೀರಿನ ಮನೆಯ ಪಕ್ಕ ಮಾಡಿ.
ಬೈಸಿಕೊಳ್ಳದೆ ಹೋಗಬಹುದಾದ ಜಾಗ ಅದೊಂದೇ.
ಎಲ್ಲಿ ಹಾಳಾಗಿದ್ದೆ ಎಂದರೆ
ನೀರಿಗೆ, ಸಾಲು ಉದ್ದ ಇತ್ತು, ಅಂದರಾಯಿತು."
ನನ್ನ ಮುಖ ಕಂಡು ನಾಲಗೆ ಕಚ್ಚಿಕೊಂಡ.

ಹನ್ನೊಂದು ವರ್ಷ ಕಿಂಡಿಯಲ್ಲಿ ಕೂತವಳು ನಾನು.
ತುಂಬಿದ ಕ್ಯಾನಿನ ಮೇಲೆ ಕೂತು ಹರಟುವವರನ್ನು
ತುಂಬಿತಲ್ಲ, ಇನ್ನು ನಡೀರಿ, ಎಂದು
ದಿನಕ್ಕೆ ಇಪ್ಪತ್ತು ಸಲ ಅಟ್ಟಿದವಳು.
ಎಲ್ಲರನ್ನೂ ಬಲ್ಲವಳಂತೆ.

ಹಳೆಯ ಸರಕುಪೆಟ್ಟಿಗೆಯೊಂದು ಲಾರಿಯಲ್ಲಿ ಬಂತು.
ಅನುಜಿನಳ ಅಜ್ಜಿ ಕಂಬಳಿಯುಣ್ಣೆ ಕೊಟ್ಟಳು, ಗೋಡೆಗೆ.
ಜಗಳವೂ ಬೇಕಷ್ಟಾಯಿತು: ಕಿಟಕಿ ಎಲ್ಲಿ,
ಚಿಕ್ಕವರನ್ನು ಸೇರಿಸುವುದೋ, ಸ್ಪೀಕರು ಯಾರದ್ದು.
ಹೊಗೆಕೊಳವೆ ತಪ್ಪು ದಿಕ್ಕಿಗಿಟ್ಟು
ನನ್ನ ಕೋಣೆ ತುಂಬ ಹೊಗೆ. ಕೊಳವೆ ಹಿಡಿದೇ ಓಡಿದೆ.
ಬಿಚ್ಚಿದರು, ಮತ್ತೆ ಕಟ್ಟಿದರು, ಮತ್ತೆ ತಪ್ಪಾಗಿ.
ಒಂದು ಮಾತೂ ಆಡದಿದ್ದ ಮೂರನೆಯವನು, ದಶ್‌ನ್ಯಾಮ್,
ಬಾಗಿಲಿಗೆ ಮೊದಲ ನಿಯಮ ಬರೆದ:
ಕ್ಯಾನು ಒಳಗಿಡಿ, ಹೆಪ್ಪುಗಟ್ಟುತ್ತದೆ.
ಎರಡನೆಯದು ಇನ್ನೂ ಬರೆದಿಲ್ಲ.

ಸಂಜೆ ಏಳಕ್ಕೆ ಈಗ ಆ ತಗಡು ಗುಯ್‌ಗುಡುತ್ತದೆ.
ಮೇಷ್ಟ್ರೂ ಬರುತ್ತಾರೆ, ಚದುರಂಗದ ಹಲಗೆ ಕಂಕುಳಲ್ಲಿ,
ಹನ್ನೆರಡರ ಪೋರಿಯೊಬ್ಬಳ ಹತ್ತಿರ ಸೋಲುತ್ತಾರೆ,
ಸೋತು, ಕುದುರೆ ಸರಿಯಾಗಿ ಕಾಣಿಸಲಿಲ್ಲ ಎನ್ನುತ್ತಾರೆ.

ಹೋದ ವಾರ ಮೇಲಿನವರು ಬಂದಿದ್ದರು ತಪಾಸಣೆಗೆ,
ಕರಿ ಕಾರಿನಲ್ಲಿ, ಹೊಳೆಯುವ ಬೂಟಿನಲ್ಲಿ.
ಬಾಗಿಲಿಗೆ ಬೀಗ. ಒಳಗೆ ಇಣುಕಿದರು,
ಹಾಜರಾತಿ ಸೊನ್ನೆ ಎಂದು ಬರೆದುಕೊಂಡರು.
ಯಾವ ಅಧಿಕಾರಿಯ ಯೋಜನೆ ಇದು, ಯಾರೂ ಇಲ್ಲವಲ್ಲ,
ಎಂದು ನನ್ನ ಕಿಂಡಿ ಬಡಿದು ಕೇಳಿದರು.

ಗಡಿಯಾರ ನೋಡಿದೆ.
ನಾಲ್ಕು ಗಂಟೆಗೆ ಯಾರೂ ಇರುವುದಿಲ್ಲ, ಅಂದೆ.
ಏಳಕ್ಕೆ ಬನ್ನಿ.
ಬರುವಾಗ ಒಂದು ಕ್ಯಾನು ತನ್ನಿ.