ಓರೆ ಸೂರಿಗೆ ಅಂಚು

ಮಾರ್ಸ್‌ಡನ್ನಿನ ಈ ಮನೆಯ ಮೇಲಟ್ಟದ ಕೋಣೆಯಲ್ಲಿ
ಸೂರು ಅರ್ಧಕ್ಕೇ ಬಾಗುತ್ತದೆ,
ಮದುವೆಮನೆಯಲ್ಲಿ ದೂರದ ನೆಂಟ
"ಗುರುತು ಸಿಕ್ಕಿತೇ?" ಎಂದು ಮುಖಕ್ಕೆ ಮುಖ ತಂದಂತೆ.

ಇಲ್ಲಿಗೆ ಬಂದು ಹನ್ನೊಂದು ತಿಂಗಳು.
ಗುರುಶಾಂತ ಹಣೆ ಬಡಿಸಿಕೊಂಡದ್ದು ಹದಿನಾಲ್ಕು ಸಲ
(ಲೆಕ್ಕ ನನ್ನದು; ಅವನ ಪ್ರಕಾರ ಒಂಬತ್ತು).
ಬಡಿದ ಸೂರಿಗೇ ಈಗ ಅವನಿಗೆ ಅಲಂಕಾರ ಬೇಕು:
ಗೋಡೆ ಮುಗಿದು ಇಳಿಜಾರು ಶುರುವಾಗುವಲ್ಲಿ
ಉದ್ದಕ್ಕೂ ಒಂದು ಬಿಳಿ ಗಾರೆಯ ಪಟ್ಟಿ,
ಎಲೆ, ಮೊಟ್ಟೆ, ಎಲೆ, ಮೊಟ್ಟೆ.
ಕೋವಿಂಗ್ ಅನ್ನುತ್ತಾರೆ ಅದಕ್ಕೆ.

"ಕೋವಿನಾ?" ಎಂದಳು ಫೋನಿನಲ್ಲಿ ತಂಗಿ ನೀಲಗಂಗಾ.
"ಮಲಗೋ ಕೋಣ್ಯಾಗ ಕೋವಿ ಯಾಕವ್ವಾ,
ಅಷ್ಟು ಜಗಳ ಆಡ್ತೀರೇನು?"

ಶನಿವಾರ ಕ್ಲೈವ್ ಬಂದ. ಅರವತ್ತೆಂಟರ ಗಾರೆಯವ,
ಹುಬ್ಬಿನಲ್ಲೂ ಸುಣ್ಣ.
ಕೇಳುವ ಮೊದಲೇ ಬೂಟು ಬಾಗಿಲಲ್ಲಿ ಬಿಟ್ಟು
ಮಡಚುವ ಮೂಲೆಮಟ್ಟವನ್ನು ಸಂದಿಗೆ ಒತ್ತಿ
ಡಾಕ್ಟರು ಥರ್ಮಾಮೀಟರ್ ನೋಡುವಂತೆ ನೋಡಿದ.
ಅಂಗಡಿಯ ಪಟ್ಟಿ ಹುಟ್ಟುವುದೇ ತೊಂಬತ್ತು ಡಿಗ್ರಿಗಂತೆ.
ನಮ್ಮದು ನೂರ ಮೂವತ್ತೆರಡು.
"ಕೂರಿಸಬಹುದು," ಎಂದ. "ಹಿಂದೆ ಪೊಳ್ಳು ಉಳಿಯುತ್ತೆ."
ಚಿಮಣಿಯ ಮೂಲೆಯಲ್ಲಿ, ಓರೆ ಬಂದು ನೇರವನ್ನು ಕೂಡುವಲ್ಲಿ,
ಎಲೆಗೆ ಎಲೆ ಸೇರುವುದಿಲ್ಲ,
ಒಂದು ಮೊಟ್ಟೆಯನ್ನು ಅರ್ಧಕ್ಕೆ ಕೊಯ್ಯಬೇಕು.
ಗೋಡೆಯ ಮೇಲೆ ಪೆನ್ಸಿಲಿನಲ್ಲಿ 132 ಎಂದು ಬರೆದ.
ನೋಡಲಿಕ್ಕಿರಲಿ ಎಂದು ಒಂದಡಿ ತುಂಡು ಬಿಟ್ಟುಹೋದ.

ಅಂಚು ಅಂದರೇನು, ನನಗೆ ಗೊತ್ತಿಲ್ಲವೆ?
ಗುಳೇದಗುಡ್ಡದಲ್ಲಿ ಕುಣಿಮಗ್ಗದ ಸದ್ದಿಗೆ
ನಿದ್ದೆ ಹೋಗಲು ಕಲಿತವಳು ನಾನು.
ಅಂಚನ್ನು ಹಾಸಿನಲ್ಲೇ ಹೂಡಬೇಕು, ಮೊದಲೇ.
ನೇಯ್ದಾದ ಮೇಲೆ ನೆನಪಾಗಿ ಅಂಟಿಸಿದ್ದು ತೇಪೆ.
ಹೀಗೆಂದು ಹೇಳಿದೆ, ಸ್ವಲ್ಪ ಜೋರಾಗಿಯೇ.
"ಮತ್ತೆ ಸೀರೆಗೆ ಫಾಲ್ ಹಚ್ಚಿಸೋದು?" ಎಂದ ಗುರುಶಾಂತ.

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ನಿಜ ಸಂಗತಿ ಬೇರೆ. ಆ ಸಂದಿಯಲ್ಲೊಂದು ಬಿರುಕಿದೆ,
ಕಿಟಕಿಯಿಂದ ಚಿಮಣಿಯವರೆಗೆ, ಕೂದಲಿನಷ್ಟು.
ಚಳಿಗೆ ಅಗಲವಾಗುತ್ತದೆ, ಜೂನಿನಲ್ಲಿ ಮುಚ್ಚಿಕೊಳ್ಳುತ್ತದೆ.
ರಾತ್ರಿಪಾಳಿ ಮುಗಿಸಿ ಹಗಲಲ್ಲಿ ಮಲಗುವ ಅವನಿಗೆ
ಕಣ್ಣು ಮುಚ್ಚುವ ಮೊದಲು ಕಾಣುವುದು ಅದೊಂದೇ.
"ಆಸ್ಪತ್ರೇಲಿ ಎಲ್ಲಾ ಬಿರುಕೂ ನೋಡಿ ಬಂದಿರ್ತೀನಿ,
ಮನೇಲಾದ್ರೂ ಒಂದು ಮುಚ್ಚಿರಲಿ."
ಇದನ್ನು ಅವನು ಹೇಳಿದ್ದು ಒಂದೇ ಸಲ, ಹಲ್ಲುಜ್ಜುತ್ತ.

ನನಗೋ ಅದರ ಮೇಲೇ ಕಣ್ಣು.
ಹಿಂದೆ ಇಲ್ಲಿಯೂ ಮಗ್ಗವಿತ್ತಂತೆ; ಬೆಳಕಿಗೆಂದೇ
ಸಾಲಾಗಿ ಏಳು ಪುಟ್ಟ ಕಿಟಕಿ.
ಯಾವ ಹೆಂಗಸು ಇಲ್ಲಿ ಉಣ್ಣೆಯ ಎಳೆ ಕಡಿದು
ಬೆನ್ನು ನೇರ ಮಾಡಲು ಹೋಗಿ ತಲೆ ಬಡಿಸಿಕೊಂಡಳೋ.

ತುಂಡನ್ನು ಟೇಪು ಹಚ್ಚಿ ಮೇಲಕ್ಕೆ ಅಂಟಿಸಿ
ಒಂದು ವಾರ ನೋಡಿದೆವು.
ಸೋಮವಾರ ಚೆನ್ನಾಗಿತ್ತು. ಬುಧವಾರ,
ಹೊರಗಿನ ಬೀದಿದೀಪಕ್ಕೆ, ಹಲ್ಲುಸೆಟ್ಟಿನಂತೆ ಕಂಡಿತು.
ಅವನಿಗೆ ರಜೆಯಿದ್ದ ರಾತ್ರಿ, ಮೂರು ಗಂಟೆಗೆ,
ಟೇಪು ಬಿಟ್ಟು ಅವನ ಎದೆಯ ಮೇಲೆ ಬಿತ್ತು.
ದಿಗಿಲಿಗೆ ಎದ್ದು ಕೂತ. ಧಡ್.
"ಹದಿನೈದು," ಎಂದೆ ಕತ್ತಲಲ್ಲಿ.
ತುಸು ಹೊತ್ತಿನ ಮೇಲೆ ಅವನು: "ಹತ್ತು."
ಆಮೇಲೆ ನಗು ನಿಲ್ಲಿಸಲಾಗಲಿಲ್ಲ,
ಪಕ್ಕದ ಮನೆಯವರು ಗೋಡೆ ತಟ್ಟುವತನಕ.

ಬೇಡವೆಂದು ಕ್ಲೈವ್‌ಗೆ ನಾನೇ ಫೋನು ಮಾಡಿದೆ.
"ಒಳ್ಳೇದು" ಎಂದನಷ್ಟೆ.

ಬಿರುಕನ್ನು ಭಾನುವಾರ ಗುರುಶಾಂತನೇ ತುಂಬಿದ,
ಡಬ್ಬಿಯ ಮೆತ್ತನೆ ಹಿಟ್ಟನ್ನು ಹೆಬ್ಬೆರಳಲ್ಲಿ ತೀಡುತ್ತ,
ಉದ್ದಕ್ಕೂ ಮೊಣಕಾಲ ಮೇಲೆ ಸರಿಯುತ್ತ.
ಚಳಿಗೆ ಮತ್ತೆ ಬಿಡುತ್ತದೆ, ನನಗೆ ಗೊತ್ತು; ಹೇಳಲಿಲ್ಲ.
ಒಂದಡಿ ತುಂಡು ಕಿಟಕಿಯ ಮೇಲಿದೆ,
ಎಲೆಗಳ ನಡುವೆ ಅವನ ಕನ್ನಡಕ, ನನ್ನ ಪಿನ್ನು.
ಬಣ್ಣ ಬಳಿಯುವಾಗ ಮಾತ್ರ ಅವನು
ಪೆನ್ಸಿಲಿನ ಆ 132ನ್ನು
ಸುತ್ತು ಬಳಸಿ ಬಿಟ್ಟಿದ್ದಾನೆ.
ಯಾಕೆಂದು ಕೇಳಿಲ್ಲ.