ಸಾಧಾರಣ ಮನುಷ್ಯ

ಸೊಹಾರಿನ ಕೋರ್ಟಿನಲ್ಲಿ ನನ್ನದು ದುಭಾಷಿ ಕೆಲಸ,
ಗಂಟೆಗೆ ಎಂಟು ರಿಯಾಲ್.
ನ್ಯಾಯಾಧೀಶರು ಕೇಳಿದ್ದನ್ನು ಮೊಯ್ದಿನಬ್ಬನಿಗೆ ದಾಟಿಸಿದೆ:
'ನಿನ್ನ ಜಾಗದಲ್ಲಿ ಒಬ್ಬ ಸಾಧಾರಣ, ಎಚ್ಚರದ ಮನುಷ್ಯ
ಇದ್ದಿದ್ದರೆ ಏನು ಮಾಡುತ್ತಿದ್ದ?'

ಅವನು ಬಾಗಿಲ ಕಡೆ ತಿರುಗಿ ನೋಡಿದ,
ಆ ಮನುಷ್ಯ ಸಾಕ್ಷಿಗೆ ಬಂದಿದ್ದಾನೋ ಎಂಬಂತೆ.

ಗ್ಯಾಸ್ ಮೀಟರಿನ ಬ್ಯಾಟರಿ ಸತ್ತು ಮೂರು ದಿನವಾಗಿತ್ತು.
ಟ್ಯಾಂಕಿಗೆ ಇಳಿ ಎಂದದ್ದು ಇವನ ಬಾಯಿ,
ಇಳಿದವನು ದಿಲ್‌ಬಹಾದೂರ್.
ಬಾಯಿಗೆ ಮಾತು ಕೊಟ್ಟವರ ಹೆಸರು
ಕಾಗದದಲ್ಲಿ ಎಲ್ಲೂ ಇಲ್ಲ.

ಆ ಸಾಧಾರಣ ಮನುಷ್ಯ
ಬೆಳಗಿನ ನಾಲ್ಕಕ್ಕೇ ಕ್ಯಾಂಪಿನ ಬಸ್ಸು ಹತ್ತಿದವನೇ?
ಅವನ ಪಾಸ್‌ಪೋರ್ಟು ಅವನ ಕಿಸೆಯಲ್ಲೇ ಇದೆಯೇ?
ಆಗಸ್ಟಿನ ಹನ್ನೊಂದು ಗಂಟೆಗೆ
ಅವನ ತಲೆ ಕುದಿಯುವುದಿಲ್ಲವೇ?
ಇದನ್ನೆಲ್ಲ ಯಾರೂ ಕೇಳಲಿಲ್ಲ.
ಕೇಳಿದ್ದನ್ನಷ್ಟೇ ದಾಟಿಸಬೇಕು.

ಏಸಿ ಗೊರಗುಟ್ಟಿತು.
ಮೊಯ್ದಿನಬ್ಬ ನನ್ನನ್ನೇ ನೋಡಿ ಹೇಳಿದ:
'ಅವನು ಬೇಡ ಅನ್ನುತ್ತಿದ್ದ, ಸ್ವಾಮಿ.
ನನಗೂ ಬಾಯಿತನಕ ಬಂದಿತ್ತು.
ಅಷ್ಟರಲ್ಲಿ ದಿಲ್‌ಬಹಾದೂರ್
ತೂತಿನಲ್ಲಿ ತೂರದ ಹೆಲ್ಮೆಟ್ ತೆಗೆದು
ನನ್ನ ಕೈಗೆ ಕೊಟ್ಟ. ಎರಡೇ ನಿಮಿಷ ಅಂದ.'

ಮೊದಲ ಸಾಲನ್ನು ಅರಬಿಯಲ್ಲಿ ಹೇಳಿದೆ.
'ಬಾಯಿತನಕ ಬಂದಿತ್ತು' ಎಂಬುದಕ್ಕೆ
ಮಾತು ಹುಡುಕುತ್ತ ನಿಂತೆ.
ಗುಮಾಸ್ತ ಆಗಲೇ ಬರೆದುಕೊಂಡಿದ್ದ:
ಒಪ್ಪಿದ್ದಾನೆ.